ಲೀಡ್‌ಸ್ಕ್ರೂ ಕೂರಿಸುವುದು ಹೇಗೆ? ನಟ್ಟನ್ನು ಕೊನೆಗೆ ಬಿಗಿಯಿರಿ

ಲೀಡ್‌ಸ್ಕ್ರೂ ಅಂದರೆ ಮೋಟಾರು ತಿರುಗಿಸುವ ಉದ್ದನೆಯ ಸ್ಕ್ರೂ; ಅದು ತಿರುಗಿದಾಗ ಮೇಲಿನ ನಟ್ಟು ಸರಿದು ಕ್ಯಾರೇಜನ್ನು (ಮಷಿನ್ನಿನ ಓಡಾಡುವ ಭಾಗವನ್ನು) ತಳ್ಳುತ್ತದೆ. ನನ್ನ ಮೊದಲ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೊರೆಯುವ) ಮಷಿನ್‌ಗೆ ಬೇರಿಂಗು, ನಟ್ಟು, ಮೋಟಾರು ಎಲ್ಲವನ್ನೂ ಒಂದೇ ಸಲ ಬಿಗಿದಿದ್ದೆ. ಕ್ಯಾರೇಜ್ ನಡುವೆ ಸಲೀಸಾಗಿ ಓಡುತ್ತಿತ್ತು. ಮೋಟಾರಿನ ಹತ್ತಿರ ಬಂದರೆ ಕೀಂಯ್ ಎಂದು ಅರಚಿ ನಿಲ್ಲುತ್ತಿತ್ತು. ಎರಡು ವಾರ ಮೋಟಾರು ನಡೆಸುವ ಡ್ರೈವರ್ ಬೋರ್ಡಿನ ಕರೆಂಟ್ ಏರಿಸಿ ನೋಡಿದೆ. ತೊಂದರೆ ಇದ್ದದ್ದು ಜೋಡಣೆಯಲ್ಲಿ.

ಕ್ಯಾರೇಜ್ ನಡುವೆ ಇರುವಾಗ ಸ್ಕ್ರೂ ಸ್ವಲ್ಪ ಬಾಗಿ ತಪ್ಪನ್ನು ಮುಚ್ಚಿಡುತ್ತದೆ. ಬೇರಿಂಗಿನ ಪಕ್ಕದಲ್ಲಿ ಬಾಗಲು ಜಾಗವೇ ಇಲ್ಲ, ಅಲ್ವಾ? ಅಲ್ಲಿ ಹಿಡಿಯುತ್ತದೆ. ದಾರಿ ತೋರಿಸುವುದು ರೈಲಿನ (ಕ್ಯಾರೇಜ್ ಜಾರುವ ಹಳಿಯ) ಕೆಲಸ. ಸ್ಕ್ರೂ ಬರೀ ತಳ್ಳಬೇಕು.

ಹಾಗಾಗಿ ಮೊದಲು ಸ್ಕ್ರೂ ಇಲ್ಲದೆಯೇ ಕ್ಯಾರೇಜನ್ನು ಒಂದು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ತಳ್ಳಿ. ಎಲ್ಲಾದರೂ ಬಿಗಿಯಾದರೆ ರೈಲುಗಳನ್ನೇ ಸರಿಮಾಡಿ. ಆಮೇಲೆ ಸ್ಕ್ರೂವನ್ನು ಗಾಜಿನ ಮೇಲೆ ಉರುಳಿಸಿ. ಅಡಿಯಲ್ಲಿ ಬೆಳಕು ಇಣುಕಿ ಮಾಯವಾಗುತ್ತಿದ್ದರೆ ಅದು ಬಾಗಿದೆ, ಬದಲಾಯಿಸಿ.

ಟಿ8 (8 ಮಿ.ಮೀ. ದಪ್ಪದ) ಸ್ಕ್ರೂ ಕೊಳ್ಳುವಾಗ ಕೇಳಿ ತಗೊಳ್ಳಿ. ಒಂದು ಸುತ್ತಿಗೆ ನಟ್ಟು 8 ಮಿ.ಮೀ. ಹೋಗುವುದೂ ಇದೆ, 2 ಮಿ.ಮೀ. ಹೋಗುವುದೂ ಇದೆ. ಒಂದರ ನಟ್ಟು ಇನ್ನೊಂದಕ್ಕೆ ಆಗುವುದಿಲ್ಲ. ಮರ, ಅಲ್ಯೂಮಿನಿಯಂ ಕೊರೆಯಲು ನನ್ನ ಆಯ್ಕೆ 2 ಮಿ.ಮೀ.ದು. ವೇಗ ಕಡಿಮೆ, ಆದರೆ ತಳ್ಳುವ ಬಲ ಜಾಸ್ತಿ.

ಈಗ ಮುಖ್ಯ ಕೆಲಸ. ಹಿತ್ತಾಳೆ ನಟ್ಟನ್ನು ಕ್ಯಾರೇಜಿಗೆ ಹಿಡಿಯುವ ನಾಲ್ಕು ಸಣ್ಣ ಸ್ಕ್ರೂಗಳನ್ನು ಬೆರಳಲ್ಲಿ ತಿರುಗಿಸಿ ಸುಮ್ನೆ ನಿಲ್ಲಿಸಿ. ನಟ್ಟು ಅಲುಗಾಡಲಿ. ಕ್ಯಾರೇಜನ್ನು ಮೋಟಾರಿನ ತುದಿಗೆ ತಂದು, ಆ ಬೇರಿಂಗ್ ಬ್ಲಾಕನ್ನು ಸ್ಕ್ರೂ ತಾನಾಗಿ ನಿಂತ ಜಾಗದಲ್ಲೇ ಬಿಗಿಯಿರಿ. ಬ್ಲಾಕ್ ತಗ್ಗಾಗಿದ್ದರೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಅಡಿಗಿಡಿ. ಅದರ ತಗಡು ಸುಮಾರು 0.1 ಮಿ.ಮೀ. ದಪ್ಪ. ನಂತರ ಕ್ಯಾರೇಜನ್ನು ಇನ್ನೊಂದು ತುದಿಗೆ ಒಯ್ದು ಅಲ್ಲಿಯ ಬ್ಲಾಕ್ ಬಿಗಿಯಿರಿ. ಮತ್ತೆ ಮೋಟಾರಿನ ಕಡೆ ತಂದು, ಈಗ ನಟ್ಟು. ಎದುರುಬದುರಿನ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿಯಿರಿ, ಲೀಡ್‌ಸ್ಕ್ರೂ ತಿರುಗಿಸಿ ನೋಡಿ, ಮತ್ತೆ ಕಾಲು ಸುತ್ತು. ಲೀಡ್‌ಸ್ಕ್ರೂ ಬಿಗಿಯಾಗಿ ತಿರುಗುವುದು ಕೈಗೆ ಗೊತ್ತಾದ ಕೂಡಲೇ ನಿಲ್ಲಿಸಿ. ನಟ್ಟು ಓರೆಯಾಗಿದೆ ಎಂದರ್ಥ. ಅದರ ಬ್ರಾಕೆಟ್ಟಿಗೂ ತಗಡು ಬೇಕಾಗಬಹುದು.

ನೆಮಾ 17 ಅಳತೆಯ ಮೋಟಾರಿನ ಶಾಫ್ಟ್ ಸಾಮಾನ್ಯವಾಗಿ 5 ಮಿ.ಮೀ., ಸ್ಕ್ರೂ 8. ಅವೆರಡನ್ನೂ ಜೋಡಿಸಲು 5-8 ಕಪ್ಲಿಂಗ್ ಸಾಕು. ಸುರುಳಿ ಸೀಳಿನ ಕಪ್ಲಿಂಗ್ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗುತ್ತದೆ. ಆದ್ದರಿಂದ ಮೋಟಾರಿನ ಕಡೆಯ ಬೇರಿಂಗಿನ ಎರಡೂ ಪಕ್ಕ ಕಾಲರ್ (ಸ್ಕ್ರೂಗೆ ಬಿಗಿಯುವ ಬಳೆ) ಹಾಕಿ ಸ್ಕ್ರೂವನ್ನು ಹಿಡಿದಿಡಿ. ಇನ್ನೊಂದು ತುದಿಯ ಬೇರಿಂಗಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಬಿಗಿಯಬೇಡಿ. ಬಿಸಿಗೆ ಲೀಡ್‌ಸ್ಕ್ರೂ ಉದ್ದವಾದಾಗ ಅದು ಸರಿಯಲು ಜಾಗ ಬೇಕು.

ಕೊನೆಗೆ ಡಯಲ್ ಗೇಜ್ (ಸರಿದ ದೂರವನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ) ಇಟ್ಟು, ಕ್ಯಾರೇಜನ್ನು ಸ್ವಲ್ಪ ಮುಂದೆ ಓಡಿಸಿ ಮುಳ್ಳನ್ನು ಸೊನ್ನೆಗೆ ತನ್ನಿ. ಆಮೇಲೆ 5 ಮಿ.ಮೀ. ಮುಂದೆ, 5 ಮಿ.ಮೀ. ಹಿಂದೆ ಓಡಿಸಿ. ಮುಳ್ಳು ಸೊನ್ನೆಗೆ ಮರಳದೆ ಎಷ್ಟು ದೂರ ನಿಂತಿತೋ ಅಷ್ಟು ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸಿದಾಗಿನ ಸಡಿಲ. ಎರಡೂ ತುದಿಗಳಲ್ಲಿ, ನಡುವೆ ಒಮ್ಮೆ ಅಳೆದು ಬರೆದಿಡಿ.