ಒಂದು ಕಾಲುಸಂಕದ ಬರಹವನ್ನು ಅಳಿಸದೆ ಉಳಿಸಿಕೊಂಡ ಬಗೆ

ಶಿರಸಿ ಸೀಮೆಯ ಹಳ್ಳವೊಂದನ್ನು ದಾಟುವ ಕಾಲುಸಂಕದ, ಅಂದರೆ ಕಿರುಸೇತುವೆಯ, ಕಾಮಗಾರಿ ಬಿಲ್ಲಿನ ಬಗ್ಗೆ 2023ರ ಮಳೆಗಾಲದಲ್ಲಿ ನಾನು ಬ್ಲಾಗಿನಲ್ಲಿ ಪ್ರಕಟಿಸಿದ ಬರಹ ಇಂದಿಗೂ ಒಂದಕ್ಷರ ಬದಲಾಗದೆ ಅಲ್ಲಿಯೇ ಇದೆ. ಎಂಟು ದಿನದಲ್ಲಿ ಅಳಿಸುತ್ತೀರಿ ಎಂದಿದ್ದ ಮಿತ್ರರೇ ಈಗ ಹೇಗೆ ಉಳಿಸಿಕೊಂಡಿರಿ ಎಂದು ಕೇಳುತ್ತಿದ್ದಾರೆ.

ಮೊದಲು ಸೋತದ್ದನ್ನು ಹೇಳಬೇಕು. 2019ರಲ್ಲಿ ಅಘನಾಶಿನಿಯ ಮರಳು ಸಾಗಣೆಯ ಬಗ್ಗೆ ಬರೆದಾಗ ಠಾಣೆಯೊಂದರಿಂದ ಫೋನ್ ಬಂತು. ಆಕ್ಷೇಪಾರ್ಹ ಆನ್‌ಲೈನ್ ಬರಹವನ್ನು ಅಪರಾಧವೆಂದಿದ್ದ, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಕಲಮಿನಡಿ ಪ್ರಕರಣ ದಾಖಲಿಸುವುದಾಗಿ ಹೇಳಿದರು. ಅದೇ ರಾತ್ರಿ ಅಳಿಸಿದೆ, ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. ಆ ಕಲಮನ್ನು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದುಪಡಿಸಿತ್ತೆಂದು ನನಗೆ ತಿಳಿದದ್ದು ವರ್ಷದ ನಂತರ. ಇಲ್ಲದ ಕಾನೂನಿಗೆ ಹೆದರಿ ಆರು ತಿಂಗಳ ಓಡಾಟವನ್ನು ಕಳೆದುಕೊಂಡ ನೋವು ಇನ್ನೂ ಹೋಗಿಲ್ಲ.

2021ರ ಫೆಬ್ರವರಿ 25ರಂದು ಆನ್‌ಲೈನ್ ಸುದ್ದಿ ಪ್ರಕಾಶಕರಿಗೂ ಅನ್ವಯಿಸುವ ಹೊಸ ಐಟಿ ನಿಯಮಗಳು ಬಂದಾಗ ನನ್ನ ಪರಿಚಯದ ಇಬ್ಬರು ಬರೆಯುವುದನ್ನೇ ಬಿಟ್ಟರು. ನಾನು ಕುಳಿತು ನಿಯಮಗಳನ್ನು ಓದಿದೆ. ವ್ಯವಸ್ಥಿತ ವ್ಯವಹಾರವಾಗಿಯೋ ವೃತ್ತಿಯಾಗಿಯೋ ವಾಣಿಜ್ಯಕ್ಕಾಗಿಯೋ ಪ್ರಕಟಿಸದ ವ್ಯಕ್ತಿಯನ್ನು ಸುದ್ದಿ ಪ್ರಕಾಶಕರ ವ್ಯಾಖ್ಯೆಯಿಂದ ಹೊರಗಿಟ್ಟಿರುವುದನ್ನು ಕಂಡು, ತಿಂಗಳಿಗೆ ಸುಮಾರು ಎರಡು ಸಾವಿರ ತರುತ್ತಿದ್ದ ಜಾಹೀರಾತುಗಳನ್ನೆಲ್ಲ ತೆಗೆದುಹಾಕಿದೆ. ಮಾತನಾಡುವ ಹಕ್ಕನ್ನು ಉಳಿಸಿಕೊಳ್ಳಲು ಸಣ್ಣ ಲೇಖಕ ತನ್ನ ಗಳಿಕೆಯನ್ನು ಬಿಡಬೇಕಾಗಿ ಬಂದದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್, ಸುದ್ದಿ ಪ್ರಕಾಶಕರು ನೀತಿ ಸಂಹಿತೆ ಪಾಲಿಸಬೇಕೆನ್ನುವ 9ನೇ ನಿಯಮದ ಎರಡು ಉಪನಿಯಮಗಳಿಗೆ ತಡೆ ನೀಡಿದ ಮೇಲೂ ಜಾಹೀರಾತುಗಳನ್ನು ಮತ್ತೆ ಹಾಕಲಿಲ್ಲ.

ಇನ್ನು ಕಾಲುಸಂಕ. ಬಿಲ್ಲಿನಲ್ಲಿ ಕಾಂಕ್ರೀಟು ಇತ್ತು. ಹಳ್ಳದ ಮೇಲಿದ್ದದ್ದು ಬಳ್ಳಿಯಿಂದ ಬಿಗಿದ ಎರಡು ಅಡಿಕೆ ದಬ್ಬೆ, ಕೈ ಹಿಡಿಯಲು ಒಂದು ಬಿದಿರ ಗಳ. ಶಾಲೆಯ ಮಕ್ಕಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಬ್ಬೊಬ್ಬರಾಗಿ ದಾಟುತ್ತಿದ್ದರು. ಮಾಹಿತಿ ಹಕ್ಕಿನ ಮೊದಲ ಎರಡು ಅರ್ಜಿಗಳು ಒಂದೇ ವಿಷಯ, 150 ಪದ ಎಂಬ ನಮ್ಮ ರಾಜ್ಯದ ಮಿತಿಗೆ ಸಿಕ್ಕಿ ಹಿಂದಿರುಗಿದವು. ಮೂರನೆಯದರಲ್ಲಿ, ಮಾಡಿದ ಕಾಮಗಾರಿಯ ಅಳತೆಯನ್ನು ದಾಖಲಿಸುವ ಅಳತೆ ಪುಸ್ತಕದ ಪುಟವೇ ಬಂತು. ಪ್ರಶ್ನೆಯನ್ನು ಹೇಗೆ ಹೆಣೆದೆನೆಂದು ಇಲ್ಲಿ ಬರೆಯುವುದಿಲ್ಲ. ಇನ್ನೆರಡು ಕಡೆ ಅದು ನನಗೆ ಬೇಕಾಗಿದೆ.

ಬರಹದ ಪ್ರತಿ ವಾಕ್ಯದ ಎದುರು ದಾಖಲೆಯ ಪುಟಸಂಖ್ಯೆ ಬರೆದಿಟ್ಟೆ, ಎದುರು ದಾಖಲೆ ಸಿಗದ ನಾಲ್ಕು ವಾಕ್ಯಗಳನ್ನು ಹೊಡೆದುಹಾಕಿದೆ. ಸಂಬಂಧಪಟ್ಟ ಕಚೇರಿಗೆ ಪ್ರಶ್ನೆಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ಹದಿನೈದು ದಿನ ಕಾದು, ಉತ್ತರ ಬಾರದಿದ್ದುದನ್ನೂ ಬರಹದಲ್ಲಿ ಸೇರಿಸಿದೆ.

ಫೋನ್ ಮತ್ತೆ ಬಂತು. ಯಾವ ಕಲಮು, ಯಾವ ವಾಕ್ಯ ಸುಳ್ಳು, ಆದೇಶ ಯಾರದು ಎಂದು ಲಿಖಿತವಾಗಿ ತಿಳಿಸಿರೆಂದು ಕೇಳಿದೆ. ಪತ್ರ ಬರಲೇ ಇಲ್ಲ. ಬದಲಿಗೆ ಹೋಸ್ಟಿಂಗ್ ಕಂಪನಿಗೆ ದೂರು ಹೋಗಿ, ಬರಹವನ್ನು ಅಳಿಸಲು ಅವರು ನನಗೆ 36 ಗಂಟೆಗಳ ಗಡುವು ಕೊಟ್ಟರು. ಆಗಿನ ನಿಯಮದ ಆ ಗಡುವು ನ್ಯಾಯಾಲಯದ ಅಥವಾ ಸರ್ಕಾರದ ಆದೇಶವಿದ್ದಾಗ ಮಾತ್ರ ಅನ್ವಯಿಸುತ್ತದೆ, ಬೇರೆಯವರ ಬರಹದ ಹೊಣೆಯಿಂದ ಇಂಥ ಕಂಪನಿಗಳಿಗೆ ರಕ್ಷಣೆ ಕೊಡುವ ಐಟಿ ಕಾಯ್ದೆಯ 79ನೇ ಕಲಮನ್ನು ಶ್ರೇಯಾ ಸಿಂಘಾಲ್ ತೀರ್ಪು ಅರ್ಥೈಸಿದ್ದೂ ಹಾಗೆಯೇ, ಅಂಥ ಆದೇಶವಿದ್ದರೆ ಪ್ರತಿ ಕಳುಹಿಸಿ ಎಂದು ಉತ್ತರಿಸಿ, ಹದಿನಾಲ್ಕು ಪುಟ ದಾಖಲೆ ಲಗತ್ತಿಸಿದೆ. ಮರುದಿನ ಅವರು ಹಿಂದೆ ಸರಿದರು. ಶಿರಸಿಯ ವಕೀಲರಿಗೆ ಆರು ಸಾವಿರ, ಡೊಮೈನ್, ಹೋಸ್ಟಿಂಗ್, ಅಂಚೆ, ಕಾರವಾರಕ್ಕೆ ಐದಾರು ಸಲದ ಬಸ್ಸು ಎಲ್ಲ ಸೇರಿ ಹದಿನೆಂಟು ಸಾವಿರದ ಆಸುಪಾಸು ಖರ್ಚಾಯಿತು.

ನಡುವೆ ಅದೇ ಬರಹವನ್ನು ಕರಪತ್ರವಾಗಿ ಹಂಚಲು ನೋಡಿದೆ. ಮುದ್ರಕರ ಹೆಸರು ಇರಲೇಬೇಕೆಂಬ ನಿಯಮವಿದ್ದುದರಿಂದ ಮುದ್ರಣಾಲಯದವರು ಒಪ್ಪಲಿಲ್ಲ. ಧ್ವನಿಮುದ್ರಿಸಿ ವಾಟ್ಸಾಪಿಗೆ ಬಿಟ್ಟಾಗ ಯಾರೋ ಅರ್ಧ ಕತ್ತರಿಸಿ ಹಂಚಿದರು. ಎದುರಿಗೆ ದಾಖಲೆಯಿಲ್ಲದ ಮಾತು ನನ್ನ ಹೆಸರಿನಲ್ಲಿ ಓಡಾಡಿತು. ಅದನ್ನು ನಿಲ್ಲಿಸಿದೆ.

2019ರಲ್ಲಿ ಅಳಿಸಿದ ಮರಳಿನ ಬರಹಕ್ಕಾಗಿ ಈಗ ಪರವಾನಗಿ ವಹಿಗಳ ಪ್ರತಿ ಕೇಳಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಹಿತ ಅರ್ಜಿಯನ್ನು ಕಳೆದ ವಾರ ಅಂಚೆಗೆ ಹಾಕಿದ್ದೇನೆ.