ದಿನಾ ಸೈಕಲ್ ಹೊಡೆಯುವವರು ಏನೇನು ಹಾಕಿಸಿಕೊಳ್ಳಬೇಕು?

ಹೊಸ ಸೈಕಲ್ ತಗೊಂಡ ದಿನವೇ ಇದೂ ಇರಲಿ ಅದೂ ಇರಲಿ ಅಂತ ಮೊಬೈಲ್ ಹೋಲ್ಡರ್, ಜೆಲ್ ಸೀಟ್ ಕವರ್ ಎಲ್ಲಾ ಹಾಕಿಸಿಕೊಂಡು ಬರಬೇಡಿ. ಹೆಲ್ಮೆಟ್, ಬೆಲ್ಲು, ಹಿಂದೆ ಮುಂದೆ ಲೈಟು, ಬೀಗ. ಸದ್ಯಕ್ಕೆ ಇಷ್ಟು ಸಾಕು. ಎರಡು ವಾರ ಆಫೀಸಿಗೆ ಓಡಿಸಿ. ಯಾವತ್ತು "ಇವತ್ತು ಸೈಕಲ್ ಬೇಡಪ್ಪಾ" ಅನ್ನಿಸುತ್ತದೋ, ಯಾಕೆ ಅನ್ನಿಸಿತು ಅಂತ ನೋಡಿಕೊಳ್ಳಿ. ದುಡ್ಡು ಹಾಕಬೇಕಾದ್ದು ಅದಕ್ಕೆ.

ಬೆಂಗಳೂರಲ್ಲಿ ನನಗೆ ಆ ಕಾರಣ ಮಳೆ. ಸುರಿಯುವಾಗ ಎಲ್ಲಾದರೂ ನಿಂತುಕೊಳ್ಳಬಹುದು, ಕಷ್ಟ ಶುರುವಾಗುವುದು ಮಳೆ ನಿಂತ ಮೇಲೆ. ರಸ್ತೆಯ ಕೆಸರು ನೀರನ್ನು ಹಿಂದಿನ ಚಕ್ರ ಎತ್ತಿ ಎತ್ತಿ ಸೊಂಟದಿಂದ ಕುತ್ತಿಗೆವರೆಗೆ ಒಂದು ಕಪ್ಪು ಗೆರೆ ಎಳೆದುಬಿಡುತ್ತದೆ, ಬಿಳಿ ಶರ್ಟಾದರೆ ಎಷ್ಟು ಉಜ್ಜಿದರೂ ಹೋಗಲ್ಲ. ಸೀಟಿನ ಕೆಳಗೆ ಸಿಕ್ಕಿಸುವ ಗಿಡ್ಡ ಪ್ಲಾಸ್ಟಿಕ್ ಮಡ್‌ಗಾರ್ಡ್ ಬೆನ್ನನ್ನು ಮಾತ್ರ ಉಳಿಸುತ್ತದೆ. ಶೂ ಮತ್ತು ಚೈನ್ ಒದ್ದೆಯಾಗುವುದು ಮುಂದಿನ ಚಕ್ರದಿಂದ. ಹಾಗಾಗಿ ಎರಡೂ ಚಕ್ರಕ್ಕೆ ಉದ್ದದ, ಕಂಬಿ ಇರುವ ಮಡ್‌ಗಾರ್ಡನ್ನೇ ಹಾಕಿಸಿ. ಟೈರಿಗಿಂತ ಸುಮಾರು 10 ಮಿ.ಮೀ. ಅಗಲ ಇರಬೇಕು. ಮುಂದಿನದರ ತುದಿಗೆ ಹಳೇ ಟ್ಯೂಬಿನ ಒಂದು ತುಂಡು ನೇತುಹಾಕಿದರೆ ಕಾಲಿಗೆ ಸಿಡಿಯೋದು ಇನ್ನೂ ಕಡಿಮೆ. ಸೈಕಲ್ ಕೊಳ್ಳುವ ಮುಂಚೆಯೇ ಚಕ್ರದ ನಟ್ಟಿನ ಹತ್ತಿರ ಫ್ರೇಮಿನಲ್ಲಿ ಸ್ಕ್ರೂ ಹಾಕೋ ಸಣ್ಣ ತೂತು ಇದೆಯಾ ನೋಡಿ. ಅದು ಇದ್ದರೆ ಮಡ್‌ಗಾರ್ಡ್, ಕ್ಯಾರಿಯರ್ ಎರಡೂ ಗಟ್ಟಿಯಾಗಿ ಕೂರುತ್ತವೆ.

ಕ್ಯಾರಿಯರ್ ಯಾಕೆ ಅಂದರೆ ಬೆನ್ನಿಗಾಗಿ. ಲ್ಯಾಪ್‌ಟಾಪು, ಊಟದ ಡಬ್ಬಿ ಬೆನ್ನ ಮೇಲೆ ಹೊತ್ತು ಹೋದರೆ ಬೆವರಿಗೆ ಶರ್ಟು ಅಂಟಿಕೊಂಡಿರುತ್ತದೆ, ಅಲ್ವಾ? ಆ ಭಾರ ಸೈಕಲ್ ಹೊರಲಿ. ಎಷ್ಟು ಕೆಜಿ ತಡೆಯುತ್ತದೆ ಅಂತ ಕ್ಯಾರಿಯರ್ ಮೇಲೇ ಬರೆದಿರುತ್ತದೆ. ಪಕ್ಕಕ್ಕೆ ನೇತುಹಾಕುವ ಬ್ಯಾಗಾದರೆ ಅಂಗಡಿಯಲ್ಲೇ ಸಿಕ್ಕಿಸಿ, ಸೀಟಿನ ಮೇಲೆ ಕೂತು, ಪೆಡಲ್ ಹಿಂದಕ್ಕೆ ತುಳಿದು ನೋಡಿ. ಹಿಮ್ಮಡಿ ಬ್ಯಾಗಿಗೆ ತಾಗಿದರೆ ಅದು ಬೇಡ.

ಟೈರು ತಗೊಳ್ಳುವಾಗ ಜಾಸ್ತಿ ಜನ ತಪ್ಪೋದು ಅಳತೆಯಲ್ಲಿ. ಹಳೇ ಕರಿ ಸೈಕಲ್ಲಿನ 28 ಇಂಚಿನ ಚಕ್ರಕ್ಕೂ ಹೈಬ್ರಿಡ್ (ರೇಸ್ ಸೈಕಲ್ಲಿಗೂ ಗುಡ್ಡ ಹತ್ತೋ ಸೈಕಲ್ಲಿಗೂ ನಡುವಿನ ಥರದ್ದು) ಸೈಕಲ್ಲಿನ 700ಸಿ ಅನ್ನೋ ಅಳತೆಯ ಚಕ್ರಕ್ಕೂ ನೋಡೋಕೆ ವ್ಯತ್ಯಾಸ ಗೊತ್ತಾಗಲ್ಲ. ಆದರೆ ರಿಮ್ಮಿನಲ್ಲಿ ಟೈರು ಕೂರುವ ಕಡೆಯ ಅಡ್ಡಳತೆ ಮೊದಲನೆಯದರದು 635 ಮಿ.ಮೀ., ಎರಡನೆಯದರದು 622. ಒಂದರ ಟೈರು ಇನ್ನೊಂದಕ್ಕೆ ಕೂರಲ್ಲ. ಟೈರಿನ ಪಕ್ಕದಲ್ಲಿ 37-622 ಅಂತ ಏನೋ ಬರೆದಿರುತ್ತದಲ್ಲ, ಅದರ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಎರಡನೇ ಸಂಖ್ಯೆ ಹೊಂದಲೇಬೇಕು, ಮೊದಲನೆಯದು ಟೈರಿನ ಅಗಲ, ಅದು ಸ್ವಲ್ಪ ಆಚೀಚೆ ಆದರೆ ಪರವಾಗಿಲ್ಲ. ಎಂಟಿಬಿ, ಅಂದರೆ ಗುಡ್ಡ ಹತ್ತೋ ಮೌಂಟನ್ ಬೈಕ್ ಇದ್ದರೆ ಗಡ್ಡೆ ಗಡ್ಡೆ ಟೈರು ತೆಗೆಸಿ ನುಣುಪಾದದ್ದು ಹಾಕಿಸಿ. ಡಾಂಬರು ರಸ್ತೆಯಲ್ಲಿ ತುಳಿಯೋದು ಎಷ್ಟು ಹಗುರ ಆಗುತ್ತದೆ ಅಂತ ಮೊದಲ ದಿನವೇ ಗೊತ್ತಾಗುತ್ತದೆ. ವಾಲ್ವು ಬೈಕಿನಂಥದೇ ಇದ್ದರೆ ಪೆಟ್ರೋಲ್ ಬಂಕಲ್ಲೂ ಗಾಳಿ ಹೊಡೆಸಬಹುದು, ಆದರೆ ಟೈರಿನ ಮೇಲೆ ಬರೆದಿರುವುದಕ್ಕಿಂತ ಜಾಸ್ತಿ ಬೇಡ.

ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಲಿವರ್, ಸಣ್ಣ ಪಂಪು, 4, 5, 6 ಮಿ.ಮೀ. ಅಲೆನ್ ಕೀ (ಆರು ಮೂಲೆ ತೂತಿನ ಸ್ಕ್ರೂ ತಿರುಗಿಸೋ ಬಾಗಿದ ಕಡ್ಡಿ) ಬ್ಯಾಗಲ್ಲಿರಲಿ. ಚಕ್ರಕ್ಕೆ ನಟ್ಟು ಇದ್ದರೆ 15ರ ಸ್ಪ್ಯಾನರೂ ಬೇಕು. ಒಂದು ಸಲ ನನಗೆ ಒಂದೇ ಬೆಳಿಗ್ಗೆ ಎರಡು ಪಂಚರ್ ಆಯಿತು. ಟ್ಯೂಬು ಬದಲಿಸಿದ್ದೆ, ಟೈರಿನ ಒಳಗೆ ನೋಡಿರಲಿಲ್ಲ. ಕೂದಲೆಳೆಯಷ್ಟು ತೆಳ್ಳಗಿನ ತಂತಿ ಅಲ್ಲೇ ಸಿಕ್ಕಿಕೊಂಡಿತ್ತು, ಲಾರಿ ಟೈರು ಸಿಡಿದಾಗ ರಸ್ತೆಗೆ ಬೀಳುತ್ತವಲ್ಲ, ಅಂಥದು. ಈಗ ಹೊಸ ಟ್ಯೂಬು ಹಾಕುವ ಮುಂಚೆ ಟೈರಿನ ಒಳಗೆಲ್ಲಾ ಒಂದು ಬಟ್ಟೆ ಆಡಿಸುತ್ತೇನೆ. ತಂತಿ ಇದ್ದರೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ, ಬೆರಳೂ ಉಳಿಯುತ್ತದೆ.

ಹಿಂದಿನ ಕೆಂಪು ಲೈಟನ್ನು ಶರ್ಟಿನ ಅಂಚೋ ಬ್ಯಾಗೋ ಮುಚ್ಚದ ಕಡೆ ಕಟ್ಟಿ. ಮುಂದಿನದನ್ನು ಸ್ವಲ್ಪ ಕೆಳಗೆ ಬಗ್ಗಿಸಿ, ಎದುರಿನವರ ಕಣ್ಣಿಗೆ ಹೊಡೆಯಬಾರದು. ಬೀಗ ಹಾಕುವಾಗ ಫ್ರೇಮು, ಹಿಂದಿನ ಚಕ್ರ, ಕಂಬ ಮೂರೂ ಸೇರಬೇಕು. ತೆಳು ಕೇಬಲ್ ಬೀಗವನ್ನು ಕಟರಿನಲ್ಲಿ ಸುಲಭವಾಗಿ ಕತ್ತರಿಸುತ್ತಾರೆ. ದಿನವಿಡೀ ಹೊರಗೆ ನಿಲ್ಲಿಸುವವರಿಗೆ ಯು-ಲಾಕೇ (U ಆಕಾರದ ದಪ್ಪ ಸರಳಿನ ಬೀಗ) ಸರಿ.

ಇನ್ನು ಚೈನು. ಮಳೆಗೆ ನೆಂದ ದಿನ ಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದು ತೊಟ್ಟು ಚೈನ್ ಆಯಿಲ್ ಬಿಟ್ಟು, ಮೇಲೆ ಉಳಿದದ್ದನ್ನು ಮತ್ತೆ ಒರೆಸಿಬಿಡಿ, ಇಲ್ಲಾಂದ್ರೆ ಧೂಳೆಲ್ಲಾ ಅದಕ್ಕೇ ಅಂಟುತ್ತದೆ. ತಿಂಗಳಿಗೊಮ್ಮೆ ಇಂಚುಪಟ್ಟಿ ಹಿಡಿದು ಅಳೆಯಿರಿ. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ, ಹೊಸ ಚೈನಲ್ಲಿ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ನಿನ ನಡು ಬರುತ್ತದೆ. ಅದು 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸಿ. ಇನ್ನೂ ಓಡುತ್ತಲ್ಲ ಅಂತ ಸುಮ್ನೆ ಬಿಟ್ಟರೆ ಹಿಂದಿನ ಹಲ್ಲುಚಕ್ರಗಳೂ ಸವೆದು, ಎರಡಕ್ಕೂ ಒಟ್ಟಿಗೆ ದುಡ್ಡು ತೆರಬೇಕಾಗುತ್ತದೆ.