ಹೆಣೆಯುವ ಮೊದಲು ಒಗೆಯುವವರನ್ನು ಕೇಳುತ್ತೇನೆ

ಚಿಕ್ಕಮಗಳೂರಲ್ಲಿ ಮಳೆ ಹಿಡಿಯಿತು ಅಂದರೆ ನನ್ನ ಉಲ್ಲನ್ ಚೀಲ ಅಟ್ಟದಿಂದ ಇಳಿಯುತ್ತದೆ. ಡಿಸೆಂಬರ್ ಚಳಿಗೆ ಕೊಡಬೇಕಾದ್ದನ್ನು ಜೂನ್‌ನಲ್ಲೇ ಶುರು ಮಾಡಬೇಕು. ಕಾಫಿ ಕುಯ್ಲು ಬಂದಮೇಲೆ ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿರುವುದಿಲ್ಲ. ನಾವಿರುವುದು ಪೇಟೆಯಲ್ಲಿ, ಅತ್ತೆ ಮನೆ ಆಲ್ದೂರಿನಿಂದ ಆಚೆ. ವಾರಕ್ಕೊಮ್ಮೆ ಮೂಡಿಗೆರೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ಹೋಗುವಾಗ ಎಂಟು ಸಾಲು, ಬರುವಾಗ ಐದು. ಬರುವಾಗ ಕಡಿಮೆ, ಯಾಕಂದ್ರೆ ಅತ್ತೆ ಮನೆ ಊಟ ಮುಗಿಸಿ ಹತ್ತಿರುತ್ತೇನೆ, ಹಾಂದಿ ದಾಟುವ ಮೊದಲೇ ಕಣ್ಣು ಎಳೆಯುತ್ತದೆ.

ಹೆಣಿಗೆ ಕಲಿಸಿದ್ದು ಅಮ್ಮ. ಅವರ ಹತ್ತಿರ ಅಂಗಡಿಯ ಕಡ್ಡಿ ಇದ್ದದ್ದು ಒಂದೇ ಜೊತೆ. ಸಾಕ್ಸ್ ಹಾಕಲು ಸೈಕಲ್ ಚಕ್ರದ ಕಡ್ಡಿಗಳನ್ನು ಕತ್ತರಿಸಿ, ತುದಿಯನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡಿದ್ದರು. ಅವು ಈಗಲೂ ನನ್ನ ಚೀಲದಲ್ಲಿವೆ.

ನಾನು ಮೊದಲು ಹೆಣೆದುಕೊಟ್ಟದ್ದು ಭಾವನಿಗೆ ಒಂದು ಮಫ್ಲರ್. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಕಡ್ಡಿ ಮೇಲಿದ್ದಾಗ ನುಣ್ಣಗೆ ಚೆನ್ನಾಗೇ ಇತ್ತು. ಬಿಡಿಸಿದ್ದೇ ತಡ, ಎರಡೂ ಅಂಚು ಹಿಂದಕ್ಕೆ ಸುರುಳಿ ಸುತ್ತಿಕೊಂಡು ಹಗ್ಗದ ಹಾಗಾಯಿತು. ಭಾವ ಕುತ್ತಿಗೆಗೆ ಹಾಕಿಕೊಂಡು, "ಕರು ಕಟ್ಟಕ್ಕೆ ಚೆನ್ನಾಗಿದೆ ಕಣಮ್ಮ" ಅಂದರು. ಆ ನಮೂನೆಯ ಹೆಣಿಗೆಯ ಗುಣವೇ ಅದು, ಇಸ್ತ್ರಿ ಹಾಕಿದರೂ ಪ್ರಯೋಜನ ಇಲ್ಲ. ಮಫ್ಲರ್‌ಗೆ ಎಲ್ಲಾ ಸಾಲೂ ಸೀದಾ ಹಾಕಬೇಕು, ಇಲ್ಲಾ ಎರಡು ಸೀದಾ ಎರಡು ಉಲ್ಟಾದ ಬಾರ್ಡರ್ ಹೆಣಿಗೆಯನ್ನೇ ಉದ್ದಕ್ಕೂ ಹಾಕಬೇಕು.

ಮರುವರ್ಷ ಅದೇ ಭಾವನಿಗೆ ಸಾಕ್ಸ್. ಪಾಪ, ಪ್ರೀತಿಯಿಂದ ಜುಲೈ ತಿಂಗಳಲ್ಲಿ ಅದನ್ನೇ ಹಾಕಿಕೊಂಡು ತೋಟಕ್ಕೆ ಹೋದರು. ಮಧ್ಯಾಹ್ನ ಬಂದು ಜಗಲಿಯಲ್ಲಿ ಸಾಕ್ಸ್ ಬಿಚ್ಚಿದರೆ ಒಳಗೆ ನಾಲ್ಕು ಇಂಬಳ, ನೇರಳೆ ಹಣ್ಣಿನ ಹಾಗೆ ಊದಿಕೊಂಡಿದ್ದವು. ಕಾಲಿಗೆ ಹಾಕಿದಾಗ ಹೆಣಿಗೆ ಹಿಗ್ಗುತ್ತದಲ್ಲ, ಆ ತೂತುಗಳು ಇಂಬಳಕ್ಕೆ ಹೆಬ್ಬಾಗಿಲು. ತೋಟಕ್ಕೆ ಬೇಕಾದದ್ದು ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹೊಲಿದು ಮೊಣಕಾಲ ಕೆಳಗೆ ಕಟ್ಟುವ ಸಾಕ್ಸ್. ಈಗ ನಾನು ಸಾಕ್ಸ್ ಕೊಡುವಾಗ "ಮಲಗುವಾಗ ಹಾಕ್ಕೊಳ್ಳಿ" ಅಂತಲೇ ಕೊಡುತ್ತೇನೆ.

ಇವೆಲ್ಲ ನಗುವ ವಿಷಯ. ನಿಜವಾಗಿ ಹೊಟ್ಟೆ ಉರಿದದ್ದು ಹಾಸನದ ಗೆಳತಿಯ ಮಗುವಿನ ಟೋಪಿಯದ್ದು. ನಮ್ಮೂರ ಅಂಗಡಿಗಳಲ್ಲಿ ಉಲ್ಲನ್ ಅಂತ ಸಿಗುವುದು ಹೆಚ್ಚಾಗಿ ಅಕ್ರಿಲಿಕ್. ಅನುಮಾನ ಇದ್ದರೆ ಒಂದಿಂಚು ದಾರ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಹಿಸುಕಿದರೆ ಪುಡಿಯಾದರೆ ಕುರಿಯ ಉಣ್ಣೆ. ಕರಗಿ ಕಪ್ಪು ಮಣಿಯ ಹಾಗೆ ಗಟ್ಟಿಯಾದರೆ ಅಕ್ರಿಲಿಕ್. ಗೆಳತಿಯ ಮಗುವಿಗೆ ಒಳ್ಳೆಯದೇ ಇರಲಿ ಅಂತ ಮೆರಿನೋ ಉಣ್ಣೆ ತರಿಸಿದೆ. ಮೂವತ್ತು ಗ್ರಾಂ ಸಾಕಾಯಿತು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ., ಮೂರು ತಿಂಗಳಿಗೆ ಹತ್ತಿರ ಹತ್ತಿರ 40. ನಾಮಕರಣಕ್ಕೆ ಕೊಟ್ಟರೂ ಸ್ವಲ್ಪ ದಿನ ಬರಲಿ ಅಂತ ದೊಡ್ಡ ಅಳತೆಗೇ ಹಾಕಿದೆ. ಕಟ್ಟುವ ದಾರ, ಉಲ್ಲನ್ ಚೆಂಡು ಏನೂ ಇಡಲಿಲ್ಲ. ಮಗು ಬಾಯಿಗೆ ಹಾಕಿಕೊಳ್ಳುತ್ತದೆ, ದಾರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ತಿಂಗಳಾದ ಮೇಲೆ ಫೋನಿನಲ್ಲಿ ಫೋಟೋ ಬಂತು. ಟೋಪಿ ಮಗುವಿನ ತಲೆ ಮೇಲಲ್ಲ, ಮೂಸಂಬಿ ಹಣ್ಣಿನ ಮೇಲೆ! ಬಾಣಂತನಕ್ಕೆ ಬಂದ ಅಜ್ಜಿ ಅದನ್ನು ಮಗುವಿನ ಬಟ್ಟೆ ಜೊತೆ ಹಂಡೆಯ ಬಿಸಿನೀರಿಗೆ ಹಾಕಿ, ಬಾರ್ ಸೋಪು ಹಚ್ಚಿ ಚೆನ್ನಾಗಿ ತಿಕ್ಕಿದ್ದರು. ಅವರದ್ದೇನೂ ತಪ್ಪಿಲ್ಲ, ಮಗುವಿನ ಬಟ್ಟೆ ಬಿಸಿನೀರಲ್ಲಿ ತಾನೆ ಒಗೆಯೋದು? ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಸಣ್ಣ ಹುರುಪೆ ಇರುತ್ತವೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಒಂದು ಸಲ ಬಿಗಿದರೆ ಮುಗಿಯಿತು, ಮತ್ತೆ ಬಿಡುವುದಿಲ್ಲ.

ಸರಿ, ಇನ್ನು ಎಲ್ಲರಿಗೂ ಅಕ್ರಿಲಿಕ್ಕೇ ಅಂದುಕೊಂಡೆ. ಅದು ಕುಗ್ಗುವುದಿಲ್ಲ, ವಾಷಿಂಗ್ ಮಷೀನಿಗೆ ಹಾಕಿದರೂ ತಡೆಯುತ್ತದೆ. ಆದರೆ ಅತ್ತೆ ಮನೆಯಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಬಚ್ಚಲ ಒಲೆ ಮೇಲೆ ಕಟ್ಟಿದ ತಂತಿಯಲ್ಲಿ. ಹೊರಗೆ ಹಾಕಿದರೆ ಮೂರು ದಿನಕ್ಕೆ ಬೂಷ್ಟು. ನಾದಿನಿಗೆ ಹೆಣೆದಿದ್ದ ಕೆಂಪು ಶಾಲು ಆ ತಂತಿಯಿಂದ ಇಳಿಯುವಾಗ ಕಿಡಿ ಹಾರಿದಲ್ಲೆಲ್ಲ ತೂತು ಬಿದ್ದು, ತೂತಿನ ಸುತ್ತ ಸಾಸಿವೆ ಕಾಳಿನ ಹಾಗೆ ಗಟ್ಟಿ ಗಂಟುಗಳಾಗಿದ್ದವು. ಅಕ್ರಿಲಿಕ್ ಕರಗುತ್ತದೆ. ಉಣ್ಣೆ ಅಷ್ಟು ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆ ಹತ್ತಿರವೂ ನನಗೆ ಅದೇ ಹೆದರಿಕೆ.

ಅಲ್ಲಿಂದೀಚೆಗೆ ನಾನು ಬಣ್ಣ ಕೇಳುವ ಮೊದಲು ಕೇಳುವುದು ಎರಡು ಮಾತು. ನಿಮ್ಮನೇಲಿ ಬಟ್ಟೆ ಒಗೆಯೋದು ಯಾರು, ಒಣಗಿಸೋದು ಎಲ್ಲಿ? ಬೆಂಗಳೂರಿನ ಫ್ಲ್ಯಾಟು, ಮಷೀನು ಅಂದರೆ ಅಕ್ರಿಲಿಕ್. ಒಲೆ ಇರುವ ಮನೆಗೆ ಉಣ್ಣೆ. ಮೊದಮೊದಲು ಉಣ್ಣೆಯದ್ದಕ್ಕೆ ಚೀಟಿ ಬರೆದು ಪಿನ್ ಮಾಡುತ್ತಿದ್ದೆ: ತಣ್ಣೀರು, ಹಿಂಡಬೇಡಿ, ಟವೆಲಲ್ಲಿ ಸುತ್ತಿ ಒತ್ತಿ, ಹರಡಿ ಒಣಗಿಸಿ. ಯಾರೂ ಓದಲಿಲ್ಲ. ಹುರುಪೆ, ಎಳೆ ಅಂತ ಅತ್ತೆಗೆ ಒಂದು ದಿನ ವಿವರಿಸುತ್ತಾ ಕೂತಿದ್ದೆ. ಅವರು ಅವರೆಕಾಯಿ ಸುಲಿಯುತ್ತಾ, "ಅದನ್ನ ಇಷ್ಟುದ್ದ ಹೇಳ್ಬೇಕಾ? ಕಂಬಳಿನ ಯಾರಾದ್ರೂ ಬಿಸಿನೀರಿಗೆ ಹಾಕ್ತಾರಾ?" ಅಂದರು. ಈಗ ನಾನೂ ಎಲ್ಲರಿಗೂ "ಇದು ಕಂಬಳಿ ಜಾತಿ" ಅಂತಷ್ಟೇ ಹೇಳುತ್ತೇನೆ. ಮಲೆನಾಡಿನವರಿಗೆ ಅಷ್ಟು ಸಾಕು.

ಅಳತೆಯ ವಿಷಯ ಒಂದಿಷ್ಟು ಹೇಳಲೇಬೇಕು. ನಮ್ಮವರ ಟೋಪಿಯಲ್ಲಿ ಪಾಠ ಕಲಿತೆ. ತಲೆ 56 ಸೆಂ.ಮೀ. ಟೋಪಿ ಹಿಗ್ಗಿ ಕೂರಬೇಕು, ಅದಕ್ಕೆ 50 ಸಾಕು. ಎಂಟನೇ ನಂಬರ್ ಕಡ್ಡಿ ತಗೊಂಡೆ, ಅಂದರೆ 4 ಮಿ.ಮೀ. (ಅಂಗಡಿಯವರ ಈ ನಂಬರು ತಲೆಕೆಳಗು, ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. ಹತ್ತನೇ ನಂಬರ್ ಅಂದರೆ ಮೂರೂಕಾಲು ಮಿ.ಮೀ.) ತುಂಡೊಂದು ಹೆಣೆದು, ಸ್ಕೇಲ್ ಇಟ್ಟು, ಅವಸರಕ್ಕೆ 5 ಸೆಂ.ಮೀ. ಮಾತ್ರ ಎಣಿಸಿದೆ. ಹತ್ತು ಕುಣಿಕೆ, ಹನ್ನೊಂದನೆಯದು ಅಂಚಿನಲ್ಲಿ ಇಣುಕುತ್ತಿತ್ತು, ಬಿಟ್ಟೆ. ಹತ್ತರ ಲೆಕ್ಕದಲ್ಲಿ 100 ಕುಣಿಕೆ ಹಾಕಿದೆ. ಟೋಪಿ ಆದದ್ದು 45 ಸೆಂ.ಮೀ. ಹಣೆಯ ಮೇಲೆ ಕೆಂಪು ಗೆರೆ ಬಂದರೂ ನಮ್ಮವರು ಎರಡು ದಿನ ಮಾತಾಡದೆ ಹಾಕಿಕೊಂಡರು. ನಿಜವಾಗಿ 10 ಸೆಂ.ಮೀ.ಗೆ 22 ಕುಣಿಕೆ ಇತ್ತು. 50ಕ್ಕೆ 110 ಬೇಕು, ಬಾರ್ಡರ್ ಕೂರಬೇಕಾದರೆ ನಾಲ್ಕರಿಂದ ಭಾಗ ಆಗಬೇಕು, ಹಾಗಾಗಿ 112. ಪೂರ್ತಿ ಬಿಚ್ಚಿ ಮತ್ತೆ ಹಾಕಿದೆ, ನಾಲ್ಕು ಸಂಜೆ ಹೋಯಿತು. ಇನ್ನೊಂದು, ಅಲ್ಯೂಮಿನಿಯಂ ಕಡ್ಡಿಯಲ್ಲಿ ಬಿಳಿ ದಾರ ಹೆಣೆದರೆ ಬೂದು ಕಲೆ ಹತ್ತುತ್ತದೆ. ಬಿಳಿಗೆ ಬಿದಿರಿನ ಕಡ್ಡಿಯೇ ವಾಸಿ.

ಈ ಸಲ ಮಳೆ ಶುರುವಾದಾಗ ಅತ್ತೆ ಟ್ರಂಕಿನಿಂದ ಮಾವನವರ ಹಳೇ ಸ್ವೆಟರ್ ತೆಗೆದುಕೊಟ್ಟರು. ಮೊಣಕೈ ಸವೆದಿತ್ತು, ಉಳಿದದ್ದು ಗಟ್ಟಿ. ಒಂದೆಳೆ ಸುಟ್ಟು ನೋಡಿದೆ, ಕೂದಲಿನ ವಾಸನೆಯೇ. ಪಕ್ಕದ ಹೊಲಿಗೆ ಬಿಚ್ಚಿ ಕುತ್ತಿಗೆ ಕಡೆಯಿಂದ ಎಳೆಯುತ್ತಾ ಹೋದರೆ ದಾರ ಶಾವಿಗೆಯ ಹಾಗೆ ಗುಂಗುರು ಗುಂಗುರಾಗಿ ಬರುತ್ತದೆ. ಹಾಗೇ ಹೆಣೆದರೆ ಕುಣಿಕೆ ಒಂದೊಂದೂ ಒಂದೊಂದು ಅಳತೆ ಆಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೆನೆಸಿ, ಕೆಳಗೆ ಖಾಲಿ ಚೊಂಬು ತೂಗಿಬಿಟ್ಟರೆ ನೆಟ್ಟಗಾಗುತ್ತದೆ. ಚೊಂಬಿಗೆ ನೀರು ತುಂಬಿಸಬೇಡಿ, ದಾರ ಜೋಲು ಬೀಳುತ್ತದೆ. ಮೂರು ಮೊಮ್ಮಕ್ಕಳಿಗೆ ಮೂರು ಟೋಪಿ ಆಗಿ ಒಂದಿಷ್ಟು ಉಳಿಯುವ ಹಾಗಿತ್ತು. "ಉಳಿದ್ರೆ ನಂಗೊಂದು ಕಿವಿಪಟ್ಟಿ ಹಾಕು. ಟೋಪಿ ಬ್ಯಾಡ, ಕುಕ್ಕರ್ ಕೂಗಿದ್ದು ಕೇಳಲ್ಲ" ಅಂದರು ಅತ್ತೆ.

ನಾನು ಜಗಲಿಯಲ್ಲಿ ಕೊನೆಯ ಲಡಿ ಸುತ್ತುತ್ತಿದ್ದೆ. ಮೊದಲು ಸುತ್ತಿದ್ದವನ್ನು ಅತ್ತೆ ಎತ್ತಿಕೊಂಡು ಬಚ್ಚಲಿಗೆ ಹೋದರು. ಬಕೆಟ್ ಇಟ್ಟ ಸದ್ದು. ಆಮೇಲೆ ಅಲ್ಲಿಂದಲೇ ಕೂಗಿದರು, "ಇದು ತಣ್ಣೀರಿಗೇ ಅಲ್ವಾ?"